ನಿಮ್ಮ ಮೊಬೈಲ್ ನಂಬರ್ ‘ಲಾಗ್ 2’ರ ಒಳಗೆ ಅಡಗಿದೆಯೇ? ಸಾಬೀತಾಗಿದ್ದು ಯಾವುದು, ಆಗದೇ ಉಳಿದದ್ದು ಯಾವುದು

ಮಾರ್ಚ್ 14ರ ಪೈ ದಿನ ಹತ್ತಿರ ಬಂದಾಗಲೆಲ್ಲ ಒಂದು ಫಾರ್ವರ್ಡ್ ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತದೆ. ಪೈ ಸಂಖ್ಯೆಯ ದಶಮಾಂಶ ಅಂಕಿಗಳಿಗೆ ಕೊನೆಯಿಲ್ಲ, ಹಾಗಾಗಿ ನಿಮ್ಮ ಜನ್ಮದಿನ, ಮೊಬೈಲ್ ನಂಬರ್, ಎಟಿಎಂ ಪಿನ್, ಇನ್ನೂ ಹುಟ್ಟದ ಮೊಮ್ಮಗಳ ಹೆಸರು ಎಲ್ಲವೂ ಅದರಲ್ಲಿ ಎಲ್ಲೋ ಒಂದು ಕಡೆ ಬರೆದಿಟ್ಟಿದೆ ಎನ್ನುವ ಸಂದೇಶ ಅದು. ನಮ್ಮ ಓದುಗರೊಬ್ಬರು ಕಳುಹಿಸಿದ ರೂಪದಲ್ಲಿ ಸಂದೇಶ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿತ್ತು. ಪೈ ಮಾತ್ರವಲ್ಲ, ಪಿಯುಸಿಯಲ್ಲಿ ಓದಿದ ಲಾಗ್ 2 ಕೂಡ ‘ಟ್ರಾನ್ಸೆಂಡೆಂಟಲ್’ ಜಾತಿಯ ಸಂಖ್ಯೆ, ಆದ್ದರಿಂದ ಅದರ ಒಳಗೂ ಪ್ರಪಂಚದ ಎಲ್ಲ ನಂಬರುಗಳಿವೆ, ಇದನ್ನು ಗಣಿತಜ್ಞರು ಸಾಬೀತು ಮಾಡಿದ್ದಾರೆ ಎಂದಿತ್ತು. ಇದು ನಿಜವೇ ಎಂದು ಅವರು ಕೇಳಿದ್ದರು.

ಚಿಕ್ಕ ಉತ್ತರ: ಲಾಗ್ 2 ಟ್ರಾನ್ಸೆಂಡೆಂಟಲ್ ಸಂಖ್ಯೆ ಎನ್ನುವುದು ನಿಜ, 1934ರಿಂದಲೇ ಸಾಬೀತಾಗಿದೆ. ಅದರ ಅಂಕಿಗಳಲ್ಲಿ ಎಲ್ಲ ನಂಬರುಗಳೂ ಇವೆ ಎನ್ನುವುದನ್ನು ಇದುವರೆಗೆ ಯಾರೂ ಸಾಬೀತು ಮಾಡಿಲ್ಲ. ಎರಡನ್ನೂ ‘ಆದ್ದರಿಂದ’ ಎಂಬ ಪದದಿಂದ ಜೋಡಿಸಿದ್ದು ತಪ್ಪು. ಆದರೆ ಇದೇ ಲಾಗ್ 2ಕ್ಕೆ ಸಂಬಂಧಿಸಿದ, ನಿಮ್ಮ ಮೊಬೈಲ್ ನಂಬರಿನ ಬಗ್ಗೆಯೇ ಇರುವ ಇನ್ನೊಂದು ಮಾತು ನೂರಕ್ಕೆ ನೂರು ನಿಜ. ಅದು ಫಾರ್ವರ್ಡ್‌ನಲ್ಲಿ ಇರಲಿಲ್ಲ. ಅಲ್ಲಿಗೆ ಕೊನೆಯಲ್ಲಿ ಬರುತ್ತೇವೆ.

ಲಾಗ್ 2 ಎಂದರೆ ಏನು?

ಪಿಯುಸಿ ಸೈನ್ಸ್ ಓದಿದವರಿಗೆ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮರೆಯದೆ ಒಯ್ಯಬೇಕಿದ್ದ ಲಾಗ್ ಟೇಬಲ್ ನೆನಪಿರಬಹುದು. ಅದರಲ್ಲಿ 2ರ ಎದುರಿಗೆ 0.3010 ಎಂದಿರುತ್ತದೆ. 10ನ್ನು 0.3010ರ ಘಾತಕ್ಕೆ ಏರಿಸಿದರೆ 2 ಬರುತ್ತದೆ ಎಂದು ಅದರ ಅರ್ಥ. ಸೈನ್ಸ್ ಓದದವರಿಗೆ ಈ ವಾಕ್ಯ ಏನನ್ನೂ ಹೇಳುವುದಿಲ್ಲ, ಓದಿದವರಲ್ಲೂ ಬಹಳಷ್ಟು ಜನರಿಗೆ ಹೇಳುವುದಿಲ್ಲ ಎಂದು ನಮ್ಮ ಅನುಮಾನ. ಹಾಗಾಗಿ ಫಾರ್ವರ್ಡ್ ಮೂಲಕವೇ ನೋಡೋಣ.

ಒಂದು ಸಂದೇಶವನ್ನು ಪಡೆದ ಪ್ರತಿಯೊಬ್ಬರೂ ಹೊಸ ಇಬ್ಬರಿಗೆ ಕಳುಹಿಸುತ್ತಾರೆ ಎಂದಿಟ್ಟುಕೊಳ್ಳಿ. ಸುತ್ತಿನಿಂದ ಸುತ್ತಿಗೆ 1, 2, 4, 8, 16 ಎಂದು ಬೆಳೆಯುತ್ತದೆ. 10ನೇ ಸುತ್ತಿಗೆ 1024. 33ನೇ ಸುತ್ತಿಗೆ 858 ಕೋಟಿ ದಾಟುತ್ತದೆ, ಅಂದರೆ ಭೂಮಿಯ ಮೇಲಿನ ಜನ ಮುಗಿದುಹೋಗುತ್ತಾರೆ. ಜನ ಮುಗಿದರೂ ಲೆಕ್ಕ ಮುಂದುವರಿಯಲಿ. 10 ಬಾರಿ ದ್ವಿಗುಣ ಮಾಡಿದಾಗ ಬರುವ 1024ರಲ್ಲಿ 4 ಅಂಕಿಗಳಿವೆ. 100 ಬಾರಿ ಮಾಡಿದರೆ ಬರುವ ಸಂಖ್ಯೆಯಲ್ಲಿ 31 ಅಂಕಿ. 1000 ಬಾರಿಗೆ 302 ಅಂಕಿ. 10,000 ಬಾರಿಗೆ 3011. ಒಂದು ಲಕ್ಷ ಬಾರಿಗೆ 30103. ಹತ್ತು ಲಕ್ಷ ಬಾರಿಗೆ 301030.

ಈಗ ಪ್ರತಿಯೊಂದರಿಂದ 1 ಕಳೆಯಿರಿ. 3, 30, 301, 3010, 30102, 301029. ಲಾಗ್ 2ರ ದಶಮಾಂಶ ಅಂಕಿಗಳು ಒಂದೊಂದಾಗಿ ಹೊರಬರುತ್ತಿವೆ. ಲಾಗ್ 2 ಎಂದರೆ ಇಷ್ಟೇ: ಒಂದು ಸಲ ದ್ವಿಗುಣ ಮಾಡಿದಾಗ ಸಂಖ್ಯೆ ಸರಾಸರಿ ಎಷ್ಟು ಅಂಕಿಯಷ್ಟು ಉದ್ದವಾಗುತ್ತದೆ ಎಂಬುದರ ಲೆಕ್ಕ. ಒಂದು ಸಲಕ್ಕೆ ಸುಮಾರು 0.30103 ಅಂಕಿ, ಹತ್ತು ಸಲಕ್ಕೆ ಸುಮಾರು ಮೂರು ಅಂಕಿ.

ಲಾಗ್ ಟೇಬಲ್‌ನ 0.3010 ಒಂದು ಅಂದಾಜು ಮಾತ್ರ. ಮೊದಲ 50 ಅಂಕಿಗಳು ಹೀಗಿವೆ:

0.30102 99956 63981 19521 37388 94724 49302 67681 89881 46210

ಸ್ಕಾಟ್ಲೆಂಡ್‌ನ ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್ ಬಗ್ಗೆ ಮೊದಲ ಪುಸ್ತಕ ಪ್ರಕಟಿಸಿದರು. ಲಂಡನ್‌ನ ಪ್ರೊಫೆಸರ್ ಹೆನ್ರಿ ಬ್ರಿಗ್ಸ್ ಅದನ್ನು ಓದಿ, 1615ರಲ್ಲಿ ಎಡಿನ್‌ಬರೋವರೆಗೆ ಪ್ರಯಾಣ ಮಾಡಿ ನೇಪಿಯರ್ ಅವರನ್ನು ಭೇಟಿಯಾದರು. 10ನ್ನು ಆಧಾರವಾಗಿ ಇಟ್ಟುಕೊಂಡ, ಇಂದು ನಾವು ಬಳಸುವ ಟೇಬಲ್ ಬ್ರಿಗ್ಸ್ ಅವರ ಕೆಲಸ. 1617ರಲ್ಲಿ 1ರಿಂದ 1000ದವರೆಗಿನ ಸಂಖ್ಯೆಗಳಿಗೆ, 1624ರಲ್ಲಿ 30,000 ಸಂಖ್ಯೆಗಳಿಗೆ ಅವರು 14 ದಶಮಾಂಶ ಸ್ಥಾನಗಳವರೆಗೆ ಲಾಗ್ ಕೊಟ್ಟರು. ಇದಕ್ಕಾಗಿ ಅವರು 10ರ ವರ್ಗಮೂಲ, ಆ ವರ್ಗಮೂಲದ ವರ್ಗಮೂಲ ಎಂದು ಸತತವಾಗಿ 54 ಸಲ ವರ್ಗಮೂಲ ತೆಗೆದರು. ಎಲ್ಲವೂ ಕೈಯಲ್ಲೇ. ನಮ್ಮ ಫೋನಿನ ಕ್ಯಾಲ್ಕುಲೇಟರ್ ಒಂದು ಬಟನ್‌ಗೆ ತೋರಿಸುವ ಉತ್ತರ ಅದು.

ಅಂಕಿಗಳು ಮುಗಿಯುವುದಿಲ್ಲ ಎಂದು ಹೇಗೆ ಗೊತ್ತು?

ಐವತ್ತು ಅಂಕಿ ಬರೆದು ಮುಂದೆ ಚುಕ್ಕಿ ಇಟ್ಟರೆ ಸಾಲದು. ಐನೂರನೇ ಅಂಕಿಯಲ್ಲಿ ಅದು ನಿಂತುಹೋಗಬಾರದೇಕೆ? ಅಥವಾ ಒಂದು ಹಂತದ ನಂತರ 0.333ರಂತೆ ಒಂದೇ ಗುಂಪು ಮತ್ತೆ ಮತ್ತೆ ಬರಬಾರದೇಕೆ? ನಿಲ್ಲುವ ಅಥವಾ ಮರುಕಳಿಸುವ ದಶಮಾಂಶ ಎಂದರೆ ಅದು ಒಂದು ಭಿನ್ನರಾಶಿ, ಅಂದರೆ ಭಾಗಲಬ್ಧ ಸಂಖ್ಯೆ. ಲಾಗ್ 2 ಭಿನ್ನರಾಶಿ ಅಲ್ಲ ಎಂದು ತೋರಿಸಲು ಏಳನೇ ತರಗತಿಯ ಗಣಿತ ಸಾಕು.

ಲಾಗ್ 2 ಸರಿಯಾಗಿ 3/10 ಎಂದುಕೊಳ್ಳಿ. ಆಗ 10ರ 3ನೇ ಘಾತವೂ 2ರ 10ನೇ ಘಾತವೂ ಒಂದೇ ಆಗಬೇಕು. ಒಂದು 1000, ಇನ್ನೊಂದು 1024. ಹತ್ತಿರ ಇವೆ, ಸಮ ಅಲ್ಲ. 3/10ರ ಬದಲು ಯಾವ ಭಿನ್ನರಾಶಿ ಇಟ್ಟರೂ ಇದೇ ಗತಿ. ಒಂದು ಕಡೆ 10ರ ಘಾತ, ಅದು ಯಾವಾಗಲೂ ಸೊನ್ನೆಯಲ್ಲಿ ಕೊನೆಯಾಗುತ್ತದೆ. ಇನ್ನೊಂದು ಕಡೆ 2ರ ಘಾತ, ಅದು 2, 4, 8, 6ರಲ್ಲೇ ಕೊನೆಯಾಗುತ್ತದೆ, ಸೊನ್ನೆಯಲ್ಲಿ ಎಂದಿಗೂ ಇಲ್ಲ. ಎರಡೂ ಸಮ ಆಗುವುದು ಸಾಧ್ಯವೇ ಇಲ್ಲ. ಆದ್ದರಿಂದ ಲಾಗ್ 2 ಅಭಾಗಲಬ್ಧ. ಅದರ ಅಂಕಿಗಳು ಮುಗಿಯುವುದೂ ಇಲ್ಲ, ಒಂದೇ ಗುಂಪು ಮರುಕಳಿಸುತ್ತಾ ಹೋಗುವುದೂ ಇಲ್ಲ.

ಫಾರ್ವರ್ಡ್‌ನ ಮೊದಲ ಭಾಗ ಇಲ್ಲಿಗೆ ಸರಿ.

ಟ್ರಾನ್ಸೆಂಡೆಂಟಲ್ ಅಂದರೆ?

ಕನ್ನಡದಲ್ಲಿ ಇದನ್ನು ಬೀಜಾತೀತ ಸಂಖ್ಯೆ ಎನ್ನಬಹುದು, ಬೀಜಗಣಿತದ ಕೈಗೆ ಸಿಗದ್ದು ಎಂಬ ಅರ್ಥದಲ್ಲಿ. 2ರ ವರ್ಗಮೂಲವನ್ನೇ ತೆಗೆದುಕೊಳ್ಳಿ. ಅದೂ ಅಭಾಗಲಬ್ಧ, ಅದರ ಅಂಕಿಗಳಿಗೂ ಕೊನೆಯಿಲ್ಲ. ಆದರೆ ಅದನ್ನು ಅದರಿಂದಲೇ ಗುಣಿಸಿ 2 ಕಳೆದರೆ ಸೊನ್ನೆ ಬರುತ್ತದೆ. ಅಂದರೆ ಪೂರ್ಣಾಂಕಗಳನ್ನೇ ಬಳಸಿದ ಒಂದು ಸಮೀಕರಣಕ್ಕೆ ಅದು ಉತ್ತರ. ಕೂಡು, ಕಳೆ, ಗುಣಿಸು ಮತ್ತು ಪೂರ್ಣಾಂಕಗಳು ಮಾತ್ರ ಇರುವ ಇಂಥ ಯಾವ ಸಮೀಕರಣಕ್ಕೂ, ಅದು ಎಷ್ಟೇ ಉದ್ದವಿರಲಿ, ಉತ್ತರವಾಗಿ ಸಿಗದ ಸಂಖ್ಯೆಯೇ ಬೀಜಾತೀತ.

ಲಾಗರಿದಮ್‌ಗಳು ಈ ಜಾತಿಗೆ ಸೇರಿದವು ಎಂದು ಲಿಯೊನಾರ್ಡ್ ಆಯ್ಲರ್ 1748ರ ಪುಸ್ತಕದಲ್ಲೇ ಬರೆದಿದ್ದರು. ಆದರೆ ಸಾಧನೆ ಕೊಡಲಿಲ್ಲ. ಇಂಥ ಒಂದೇ ಒಂದು ಸಂಖ್ಯೆಯಾದರೂ ಇದೆ ಎಂದು ತೋರಿಸಲು 1844ರವರೆಗೆ, ಫ್ರಾನ್ಸ್‌ನ ಜೋಸೆಫ್ ಲಿಯೋವಿಲ್ ಬರುವವರೆಗೆ ಕಾಯಬೇಕಾಯಿತು. ಪೈ ಬೀಜಾತೀತ ಎಂದು 1882ರಲ್ಲಿ ಫರ್ಡಿನಾಂಡ್ ಲಿಂಡೆಮನ್ ಸಾಧಿಸಿದರು. ಅವರ ವಿಧಾನ ಸ್ವಾಭಾವಿಕ ಲಾಗರಿದಮ್‌ಗೂ (2.71828... ಆಧಾರದ್ದು) ಒಪ್ಪುತ್ತದೆ. ನಮ್ಮ ಲಾಗ್ ಟೇಬಲ್‌ನ 10ರ ಆಧಾರದ ಲಾಗ್‌ಗೆ ಅದು ಸಾಲಲಿಲ್ಲ.

1900ರಲ್ಲಿ ಪ್ಯಾರಿಸ್‌ನಲ್ಲಿ ಡೇವಿಡ್ ಹಿಲ್ಬರ್ಟ್ ಹೊಸ ಶತಮಾನಕ್ಕೆ ಬಿಟ್ಟ ಪ್ರಸಿದ್ಧ ಪ್ರಶ್ನೆಗಳಲ್ಲಿ ಏಳನೆಯದು ಇದೇ ವಿಷಯಕ್ಕೆ ಸಂಬಂಧಿಸಿದ್ದು. ಮುಂದೆ ಒಂದು ಉಪನ್ಯಾಸದಲ್ಲಿ ಹಿಲ್ಬರ್ಟ್, ಈ ಕೋಣೆಯಲ್ಲಿರುವ ಯಾರೂ ಇದರ ಉತ್ತರ ನೋಡುವಷ್ಟು ಕಾಲ ಬದುಕುವುದಿಲ್ಲ ಎಂಬ ಅರ್ಥದ ಮಾತು ಹೇಳಿದ್ದರೆಂದು ಅಂದು ಅಲ್ಲಿದ್ದ ಗಣಿತಜ್ಞ ಕಾರ್ಲ್ ಜೀಗೆಲ್ ನೆನಪಿಸಿಕೊಂಡಿದ್ದಾರೆ. ಹಿಲ್ಬರ್ಟ್ ತೀರಿಕೊಂಡದ್ದು 1943ರಲ್ಲಿ. ಉತ್ತರ ಬಂದದ್ದು 1934ರಲ್ಲಿ, ಅದೂ ಇಬ್ಬರಿಂದ ಬೇರೆ ಬೇರೆಯಾಗಿ: ರಷ್ಯಾದ ಅಲೆಕ್ಸಾಂಡರ್ ಗೆಲ್ಫಾಂಡ್ ಮತ್ತು ಜರ್ಮನಿಯ ಥಿಯೋಡರ್ ಶ್ನೈಡರ್.

ಅವರ ಪ್ರಮೇಯ ನಮಗೆ ಬೇಕಾದಷ್ಟರ ಮಟ್ಟಿಗೆ ಹೀಗಿದೆ. 10ರಂಥ ಸಾಮಾನ್ಯ ಸಂಖ್ಯೆಯನ್ನು 2ರ ವರ್ಗಮೂಲದಂಥ (ಅಭಾಗಲಬ್ಧ, ಆದರೆ ಬೀಜಗಣಿತದ ಕೈಗೆ ಸಿಗುವ) ಘಾತಕ್ಕೆ ಏರಿಸಿದರೆ ಬರುವ ಉತ್ತರ ಯಾವಾಗಲೂ ಬೀಜಾತೀತ. ಈಗ ಲಾಗ್ 2 ನೋಡಿ. ಅದು ಭಿನ್ನರಾಶಿ ಅಲ್ಲ ಎಂದು ಮೇಲೆ ಕಂಡೆವು. ಅದು 2ರ ವರ್ಗಮೂಲದ ಜಾತಿಯದಾಗಿದ್ದರೆ 10ನ್ನು ಆ ಘಾತಕ್ಕೆ ಏರಿಸಿದಾಗ ಬೀಜಾತೀತ ಸಂಖ್ಯೆ ಬರಬೇಕಿತ್ತು. ಬರುವುದು ಬರಿಯ 2. ಆದ್ದರಿಂದ ಆ ಜಾತಿಯೂ ಅಲ್ಲ. ಉಳಿದದ್ದು ಒಂದೇ: ಲಾಗ್ 2 ಸ್ವತಃ ಬೀಜಾತೀತ. ಇದೇ ವಾದ ಲಾಗ್ 3, ಲಾಗ್ 5, ಲಾಗ್ 7 ಎಲ್ಲಕ್ಕೂ ನಡೆಯುತ್ತದೆ.

ಈ ಕ್ಷೇತ್ರದಲ್ಲಿ ಮಂಡ್ಯದಲ್ಲಿ ಹುಟ್ಟಿದ ಒಬ್ಬರ ಹೆಸರು ಕಾಯಂ ಆಗಿ ನಿಂತಿದೆ. ಕೆ. ರಾಮಚಂದ್ರ (1933–2011) ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. 1960ರ ದಶಕದಲ್ಲಿ ಅವರೂ ಅಮೆರಿಕದ ಸರ್ಜ್ ಲ್ಯಾಂಗ್ ಅವರೂ ಸ್ವತಂತ್ರವಾಗಿ ಸಾಧಿಸಿದ ಪ್ರಮೇಯದಿಂದ ಒಂದು ಸೊಗಸಾದ ವಿಷಯ ಹೊರಡುತ್ತದೆ. ಒಂದೇ ಘಾತಕ್ಕೆ 2, 3 ಮತ್ತು 5ನ್ನು ಏರಿಸಿದಾಗ ಮೂರೂ ಕಡೆ ಪೂರ್ಣಾಂಕ ಬಂದರೆ ಆ ಘಾತವೂ ಪೂರ್ಣಾಂಕವೇ ಆಗಿರಬೇಕು. 2 ಒಂದೇ ಇದ್ದರೆ ಹೀಗೆ ಹೇಳಲಾಗದು: 2ನ್ನು 1.58496... ಘಾತಕ್ಕೆ ಏರಿಸಿದರೆ ಸರಿಯಾಗಿ 3 ಬರುತ್ತದೆ. ಅದೇ ಘಾತಕ್ಕೆ 3ನ್ನು ಏರಿಸಿದರೆ ಮಾತ್ರ 5.70 ಚಿಲ್ಲರೆ, ಪೂರ್ಣಾಂಕ ಅಲ್ಲ. ಹಾಗಾದರೆ 2 ಮತ್ತು 3 ಎರಡೇ ಸಾಕೇ, 5 ಬೇಕೇ ಬೇಕೇ? ಕೇಳಲು ಇಷ್ಟು ಸರಳವಾದ ಈ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಲಾಗರಿದಮ್‌ಗಳ ಬಗ್ಗೆ ‘ಸಾಬೀತಾಗಿದೆ’ ಎಂಬ ಪದ ಎಷ್ಟು ದುಬಾರಿ ಎನ್ನುವುದಕ್ಕೆ ಇದನ್ನು ಹೇಳಿದೆವು.

ಫಾರ್ವರ್ಡ್ ಎಡವಿದ ಜಾಗ

ಬೀಜಾತೀತ ಆದ ಮಾತ್ರಕ್ಕೆ ಅಂಕಿಗಳಲ್ಲಿ ಎಲ್ಲ ನಂಬರುಗಳೂ ಬರಬೇಕೇ? ಲಿಯೋವಿಲ್ ಕೊಟ್ಟ ಸಂಖ್ಯೆಯನ್ನೇ ನೋಡಿ:

0.110001000000000000000001000...

ಇದರಲ್ಲಿ 1, 2, 6, 24, 120, 720ನೇ ಸ್ಥಾನಗಳಲ್ಲಿ, ಹೀಗೇ ಮುಂದೆ, 1 ಇದೆ. ಉಳಿದೆಲ್ಲ ಕಡೆ 0. ಇದು ಅಭಾಗಲಬ್ಧ, ಬೀಜಾತೀತ, ಅಂಕಿಗಳಿಗೆ ಕೊನೆಯಿಲ್ಲ. ಫಾರ್ವರ್ಡ್ ಹೇಳುವ ಎಲ್ಲ ಅರ್ಹತೆಗಳೂ ಇವೆ. ಆದರೆ ಇದರಲ್ಲಿ 9 ಎಂಬ ಅಂಕಿ ಒಂದು ಸಲವೂ ಬರುವುದಿಲ್ಲ. ನಿಮ್ಮ ಮೊಬೈಲ್ ನಂಬರ್ ಹೇಗೆ ಬಂದೀತು?

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 1933ರಲ್ಲಿ ಕೇಂಬ್ರಿಡ್ಜ್‌ನ ವಿದ್ಯಾರ್ಥಿ ಡೇವಿಡ್ ಚಾಂಪರ್ನೌನ್ ಎಣಿಕೆಯ ಸಂಖ್ಯೆಗಳನ್ನೇ ಸಾಲಾಗಿ ಬರೆದು 0.123456789101112131415... ಎಂಬ ಸಂಖ್ಯೆ ಕಟ್ಟಿದರು. ಇದೂ ಬೀಜಾತೀತ ಎಂದು 1937ರಲ್ಲಿ ಕುರ್ಟ್ ಮಾಹ್ಲರ್ ತೋರಿಸಿದರು. ಇದರಲ್ಲಿ ನಿಮ್ಮ ನಂಬರ್ ಖಂಡಿತ ಇದೆ, ಪಕ್ಕದ ಮನೆಯವರದ್ದೂ ಇದೆ, ಯಾಕೆಂದರೆ ಎಲ್ಲ ಸಂಖ್ಯೆಗಳನ್ನೂ ನಾವೇ ಕೈಯಾರೆ ತುಂಬಿಸಿದ್ದೇವೆ.

ಅಂದರೆ ಬೀಜಾತೀತ ಎಂಬ ಹಣೆಪಟ್ಟಿ ಅಂಕಿಗಳ ಹಂಚಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದು ಸಂಖ್ಯೆ ಯಾವ ಸಮೀಕರಣಕ್ಕೆ ಉತ್ತರ ಎನ್ನುವುದು ಒಂದು ವಿಷಯ, ಅದನ್ನು ಹತ್ತರ ಲೆಕ್ಕದಲ್ಲಿ ಬರೆದಾಗ ಯಾವ ಅಂಕಿ ಎಲ್ಲಿ ಬೀಳುತ್ತದೆ ಎನ್ನುವುದು ಬೇರೆಯೇ ವಿಷಯ.

ಎಲ್ಲ ಅಂಕಿಗಳೂ, ಎರಡಂಕಿ, ಮೂರಂಕಿ, ಹತ್ತಂಕಿಯ ಎಲ್ಲ ಗುಂಪುಗಳೂ ಸಮಪಾಲಿನಲ್ಲಿ ಬರುವ ಸಂಖ್ಯೆಯನ್ನು ಗಣಿತದಲ್ಲಿ ‘ನಾರ್ಮಲ್’ ಎನ್ನುತ್ತಾರೆ. 1909ರಲ್ಲಿ ಎಮಿಲ್ ಬೊರೆಲ್, ಸಂಖ್ಯಾರೇಖೆಯಿಂದ ಕಣ್ಣುಮುಚ್ಚಿ ಒಂದು ಸಂಖ್ಯೆ ಎತ್ತಿದರೆ ಅದು ನಾರ್ಮಲ್ ಆಗಿರುವ ಸಾಧ್ಯತೆ ಶೇ 100 ಎಂದು ತೋರಿಸಿದರು. ಫಾರ್ವರ್ಡ್‌ಗಳು ಹುಟ್ಟುವುದು ಇಂಥ ಕಡೆಯೇ. ಬಹುತೇಕ ಎಲ್ಲವೂ ಹಾಗಿವೆ ಎನ್ನುವುದು ನಿಜ, ಆದರೆ ಈ ಒಂದು ಹಾಗಿದೆಯೇ ಎಂದರೆ ಗೊತ್ತಿಲ್ಲ. ಊರಿನ ಬಹುತೇಕ ಎಲ್ಲರ ಬಳಿ ರೇಷನ್ ಕಾರ್ಡ್ ಇದೆ ಎಂದ ಮಾತ್ರಕ್ಕೆ ಎದುರಿಗೆ ನಿಂತವರ ಬಳಿ ಇದೆ ಎಂದು ಬರೆದುಕೊಡಲಾಗುವುದಿಲ್ಲ. ಪೈ, 2ರ ವರ್ಗಮೂಲ, ಲಾಗ್ 2 ಇವುಗಳಲ್ಲಿ ಒಂದಕ್ಕೂ ಈ ಸರ್ಟಿಫಿಕೇಟ್ ಸಿಕ್ಕಿಲ್ಲ.

ಸಮಪಾಲಿನ ಮಾತು ಬಿಡಿ. ಲಾಗ್ 2ರಲ್ಲಿ 7 ಎಂಬ ಒಂದೇ ಅಂಕಿ ಕೊನೆಯಿಲ್ಲದಷ್ಟು ಸಲ ಬರುತ್ತದೆಯೇ ಎಂಬುದಕ್ಕೂ ಸಾಧನೆ ಇಲ್ಲ. ಮೇಲೆ ಕೊಟ್ಟ 50 ಅಂಕಿಗಳನ್ನು ನೋಡಿ, ಮೊದಲ ಇಪ್ಪತ್ತರಲ್ಲಿ 4 ಇಲ್ಲ, 7ಯೂ ಇಲ್ಲ. ಮೊದಲ 7 ಬರುವುದು 22ನೇ ಸ್ಥಾನದಲ್ಲಿ. ಒಂದು ಹಂತದ ನಂತರ 7 ಶಾಶ್ವತವಾಗಿ ಮಾಯವಾಗುತ್ತದೆ ಎಂದು ಯಾವ ಗಣಿತಜ್ಞರೂ ನಂಬುವುದಿಲ್ಲ, ಆದರೆ ಆಗುವುದಿಲ್ಲ ಎಂದು ತೋರಿಸುವ ದಾರಿ ಯಾರ ಬಳಿಯೂ ಇಲ್ಲ. ಲಾಗ್ 2 ಅಭಾಗಲಬ್ಧ ಆದ್ದರಿಂದ ಕನಿಷ್ಠ ಎರಡು ಬೇರೆ ಬೇರೆ ಅಂಕಿಗಳು ಕೊನೆಯಿಲ್ಲದಷ್ಟು ಸಲ ಬರಲೇಬೇಕು, ಅಷ್ಟು ಖಚಿತ. ಜೊತೆಗೆ ಲಿಯೋವಿಲ್ ಸಂಖ್ಯೆಯಲ್ಲಿ ಇರುವಂತೆ ಹುಚ್ಚಾಪಟ್ಟೆ ಉದ್ದವಾಗುತ್ತಾ ಹೋಗುವ ಸೊನ್ನೆಗಳ ಸಾಲು ಲಾಗ್ 2ರಲ್ಲಿ ಇರಲಾರದು ಎಂಬುದು ಅಲನ್ ಬೇಕರ್ 1966ರಿಂದ ಪ್ರಕಟಿಸಿದ ಕೆಲಸದಿಂದ ಗೊತ್ತಾಗುತ್ತದೆ. ಆ ಕೆಲಸಕ್ಕೆ ಅವರಿಗೆ 1970ರಲ್ಲಿ ಫೀಲ್ಡ್ಸ್ ಪದಕ ಬಂತು. ಅಷ್ಟು ದೊಡ್ಡ ಫಲಿತಾಂಶವೂ 7ರ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

‘ಆದರೆ ಹುಡುಕಿದರೆ ಸಿಗುತ್ತದಲ್ಲ?’

ಇಲ್ಲಿ ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಪೈ ಅಂಕಿಗಳಲ್ಲಿ ನಿಮ್ಮ ಜನ್ಮದಿನ ಹುಡುಕಿಕೊಡುವ ವೆಬ್ ಪುಟಗಳಿವೆ. ಈ ಫಾರ್ವರ್ಡ್ ಮೊದಲ ಸಲ ಕೈಗೆ ಬಂದಾಗ ನಾವು ಆಫೀಸಿನಲ್ಲಿ ಕೂತು ನಮ್ಮ ಜನ್ಮದಿನಗಳನ್ನು ಒಂದೊಂದಾಗಿ ಹಾಕಿದೆವು. ಹಾಕಿದ್ದೆಲ್ಲ ಸಿಕ್ಕಿತು. ಖುಷಿಯಲ್ಲಿ ‘ನಿಜ’ ಎಂದು ಕರಡು ಬರಹವೂ ತಯಾರಾಯಿತು. ಪ್ರಕಟಿಸುವ ಮೊದಲು ಓದಿದ ಗಣಿತ ಉಪನ್ಯಾಸಕರೊಬ್ಬರು ಒಂದೇ ಪ್ರಶ್ನೆ ಕೇಳಿದರು: ‘ಸಿಗದಿದ್ದರೆ ಏನಂತ ಬರೀತಿದ್ರಿ?’ ಸಿಗದಿದ್ದರೆ ಇನ್ನೂ ಮುಂದೆ ಎಲ್ಲೋ ಇದೆ ಎನ್ನುತ್ತಿದ್ದೆವು. ಅಂದರೆ ನಮ್ಮದು ಪರೀಕ್ಷೆಯೇ ಆಗಿರಲಿಲ್ಲ.

ಲೆಕ್ಕ ಹಾಕಿದರೆ ಆಶ್ಚರ್ಯಪಡುವಂಥದ್ದೂ ಏನಿಲ್ಲ. ಅಂಕಿಗಳು ಲಾಟರಿಯಂತೆ ಬೀಳುತ್ತವೆ ಎಂದುಕೊಂಡರೆ, 20 ಕೋಟಿ ಅಂಕಿಗಳಲ್ಲಿ ಎಂಟಂಕಿಯ ಒಂದು ಜನ್ಮದಿನ ಸಿಗುವ ಸಾಧ್ಯತೆ ಸುಮಾರು ಶೇ 86. ಆರಂಕಿಯದಾದರೆ ಸಿಗದೇ ಇರುವುದೇ ಕಷ್ಟ. (ಇಂಥ ಪುಟಗಳಲ್ಲಿ ತಮಾಷೆಗೂ ಮೊಬೈಲ್ ನಂಬರ್, ಪಿನ್ ಟೈಪ್ ಮಾಡಬೇಡಿ. ಅದು ಪೈ ಒಳಗೆ ಇದೆಯೋ ಇಲ್ಲವೋ, ಆ ಪುಟ ನಡೆಸುವವರ ಕೈಗೆ ಹೋಗಬಹುದು.)

ಪೈ ಅಂಕಿಗಳನ್ನು 2024ರ ಹೊತ್ತಿಗೆ 202 ಲಕ್ಷ ಕೋಟಿ ಸ್ಥಾನಗಳವರೆಗೆ ಲೆಕ್ಕ ಹಾಕಲಾಗಿದೆ. 2ರ ಸ್ವಾಭಾವಿಕ ಲಾಗ್ ಅನ್ನೂ ಒಂದು ಲಕ್ಷ ಕೋಟಿ ಅಂಕಿಗಳಾಚೆಗೆ ಒಯ್ದಿದ್ದಾರೆ. ಇನ್ನೂ ವಿಚಿತ್ರವಾದ ಒಂದು ದಾರಿಯಿದೆ. ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿ 10 ಭಾಗಿಸು 9ರ ಸ್ವಾಭಾವಿಕ ಲಾಗ್ (‘ಎಲ್‌ಎನ್’ ಬಟನ್) ನೋಡಿ: 0.1053605... ಬರುತ್ತದೆ. ಅದನ್ನೇ ಕೈಯಲ್ಲಿ ಮಾಡಬಹುದು: ಹತ್ತನೇ ಒಂದು, ಇನ್ನೂರನೇ ಒಂದು, ಮೂರು ಸಾವಿರದ ಒಂದು, ನಲವತ್ತು ಸಾವಿರದ ಒಂದು ಎಂದು ಕೂಡುತ್ತಾ ಹೋದರೆ ಸಾಕು.

0.1 + 0.005 + 0.000333... + 0.000025 + 0.000002 + ...

ಪ್ರತಿ ಪದವೂ ಒಂದೊಂದು ದಶಮಾಂಶ ಸ್ಥಾನ ಹಿಂದಕ್ಕೆ ಸರಿಯುವುದರಿಂದ, ಹಿಂದಿನ ಅಂಕಿಗಳನ್ನು ಲೆಕ್ಕ ಹಾಕದೆಯೇ ನಡುವಿನ ಒಂದು ಅಂಕಿಗೆ ನೇರವಾಗಿ ಜಿಗಿಯಬಹುದು. ಡೇವಿಡ್ ಬೈಲಿ, ಪೀಟರ್ ಬೋರ್ವೈನ್, ಸೈಮನ್ ಪ್ಲೂಫ್ 1997ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಇದೇ ಲಾಗ್‌ನ (ಅವರು 9/10ರದ್ದು ತೆಗೆದುಕೊಂಡರು, ಚಿಹ್ನೆ ಮಾತ್ರ ವ್ಯತ್ಯಾಸ) ಸಾವಿರ ಕೋಟಿಯ ದಶಮಾಂಶ ಅಂಕಿಯನ್ನು ಹೀಗೆ ಹೊರತೆಗೆದರು. ಸಾವಿರ ಕೋಟಿಯ ಅಂಕಿ ಯಾವುದು ಎಂದು ಹೇಳಬಲ್ಲೆವು, ಎಲ್ಲ ಅಂಕಿಗಳೂ ಬರುತ್ತವೆ ಎಂದು ಹೇಳಲಾರೆವು. ನಮಗೆ ಈ ವಿಷಯದಲ್ಲಿ ಅತಿ ಹೆಚ್ಚು ಬೆರಗು ಹುಟ್ಟಿಸಿದ್ದು ಇದೇ.

ಇಷ್ಟೆಲ್ಲ ಅಂಕಿ ನೋಡಿದ ಮೇಲೂ ಅನುಮಾನವೇ ಎಂದರೆ, 2ರ ಘಾತಗಳ ಮೊದಲ ಅಂಕಿಗಳನ್ನು ನೀವೇ ಬರೆದು ನೋಡಿ. 1, 2, 4, 8, 16, 32, 64, 128, 256, 512. ಮೊದಲ ಅಂಕಿಗಳು: 1, 2, 4, 8, 1, 3, 6, 1, 2, 5. ಮುಂದಿನ ಹತ್ತು ಘಾತಗಳಿಗೂ ಇದೇ ಸಾಲು. ಅದರ ಮುಂದಿನ ಹತ್ತಕ್ಕೂ ಇದೇ. ಅದರ ಮುಂದಿನ ಹತ್ತಕ್ಕೂ. ನಲವತ್ತು ಸಂಖ್ಯೆ ನೋಡಿದ ಯಾರೇ ಆದರೂ ಇದೇ ನಿಯಮ, 7 ಮತ್ತು 9 ಎಂದೂ ಬರುವುದಿಲ್ಲ ಎಂದು ಬರೆದುಬಿಡುತ್ತಾರೆ. 2⁴⁶ರಲ್ಲಿ 6 ಬರಬೇಕಾದ ಜಾಗಕ್ಕೆ 7 ಬರುತ್ತದೆ: 70368744177664. 2⁵³ರಲ್ಲಿ 9 ಬರುತ್ತದೆ: 9007199254740992.

ಹಾಗಾದರೆ ಮೊಬೈಲ್ ನಂಬರ್ ಎಲ್ಲಿದೆ?

ಮೊದಲು ಹೇಳಿದ ‘ನೂರಕ್ಕೆ ನೂರು ನಿಜ’ದ ಮಾತು ಇದು. ನಿಮ್ಮ ಮೊಬೈಲ್ ನಂಬರ್ ಯಾವುದೇ ಇರಲಿ, ಆ ಹತ್ತು ಅಂಕಿಗಳಿಂದಲೇ ಶುರುವಾಗುವ 2ರ ಘಾತ ಒಂದು ಇದ್ದೇ ಇದೆ. ಒಂದಲ್ಲ, ಲೆಕ್ಕವಿಲ್ಲದಷ್ಟು ಇವೆ. ಇದು ನಂಬಿಕೆ ಅಲ್ಲ, ಸಾಬೀತಾದದ್ದು. ಇದಕ್ಕೆ ಲಾಗ್ 2 ಬೀಜಾತೀತ ಆಗಿರುವುದು ಕೂಡ ಬೇಕಿಲ್ಲ, ಅಭಾಗಲಬ್ಧ ಆಗಿದ್ದರೆ ಸಾಕು.

ಕಾರಣ ಹೀಗಿದೆ. ಒಂದು ಸಂಖ್ಯೆ ಯಾವ ಅಂಕಿಗಳಿಂದ ಶುರುವಾಗುತ್ತದೆ ಎನ್ನುವುದು ಅದರ ಲಾಗ್‌ನ ದಶಮಾಂಶ ಭಾಗದಿಂದ ಮಾತ್ರ ನಿರ್ಧಾರವಾಗುತ್ತದೆ. 2, 20, 200 ಎಲ್ಲದರ ಲಾಗ್‌ನಲ್ಲೂ ಬಿಂದುವಿನ ನಂತರ ಇರುವುದು 30102... ಒಂದೇ. ಈಗ ದೇವಸ್ಥಾನದ ಪ್ರದಕ್ಷಿಣೆಯ ದಾರಿ ನೆನೆಯಿರಿ. ಇಡೀ ಸುತ್ತಿನ ಉದ್ದ 1. ಪ್ರತಿ ಸಲ ದ್ವಿಗುಣ ಮಾಡುವುದೆಂದರೆ ಈ ದಾರಿಯಲ್ಲಿ 0.30102... ಉದ್ದದ ಒಂದು ಹೆಜ್ಜೆ ಇಡುವುದು. ಹೆಜ್ಜೆಯ ಉದ್ದ ಸರಿಯಾಗಿ 0.3 ಆಗಿದ್ದರೆ ಹತ್ತು ಹೆಜ್ಜೆಗೆ, ಮೂರು ಸುತ್ತಿಗೆ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತಿದ್ದೆವು. ಆಮೇಲೆ ಅದೇ ಹತ್ತು ಗುರುತುಗಳ ಮೇಲೆ ಕಾಲಿಡುತ್ತಾ ಇರುತ್ತಿದ್ದೆವು. ಲಾಗ್ 2 ಭಿನ್ನರಾಶಿ ಅಲ್ಲದ ಕಾರಣ ಒಂದು ಹೆಜ್ಜೆ ಗುರುತಿನ ಮೇಲೆ ಇನ್ನೊಂದು ಎಂದೂ ಬೀಳುವುದಿಲ್ಲ. ಹತ್ತು ಹೆಜ್ಜೆಗೆ 0.0103ರಷ್ಟು ಮುಂದೆ ಬೀಳುತ್ತೇವೆ. 1, 2, 4, 8ರ ಸಾಲು ನಲವತ್ತಾರನೇ ಘಾತದಲ್ಲಿ ಮುರಿದದ್ದು ಈ ಸಣ್ಣ ಜಾರುವಿಕೆಯಿಂದಲೇ. 485 ಹೆಜ್ಜೆಗೆ 0.00045ರಷ್ಟು ಹಿಂದೆ, 2136 ಹೆಜ್ಜೆಗೆ 0.00007ರಷ್ಟು ಮುಂದೆ. ಹೀಗೆ ಎಷ್ಟು ಬೇಕಾದರೂ ಚಿಕ್ಕದಾದ ಜಾರು ಸಿಗುತ್ತದೆ. ಜಾರು ಚಿಕ್ಕದಾಯಿತೆಂದರೆ ಅದನ್ನೇ ಮತ್ತೆ ಮತ್ತೆ ಇಡುತ್ತಾ ಇಡೀ ದಾರಿಯನ್ನು ತಡವಿಕೊಂಡು ಹೋಗಬಹುದು, ಎಷ್ಟೇ ಕಿರಿದಾದ ಜಾಗವೂ ತಪ್ಪಿಸಿಕೊಳ್ಳುವುದಿಲ್ಲ. ನಿಮ್ಮ ಮೊಬೈಲ್ ನಂಬರಿನಿಂದ ಶುರುವಾಗುವ ಸಂಖ್ಯೆಗಳು ಈ ದಾರಿಯಲ್ಲಿ ಅಂಥ ಒಂದು ಕಿರಿದಾದ ಜಾಗ, ಅಷ್ಟೆ.

ಉದಾಹರಣೆಗೆ 1947. 2ನ್ನು 1446 ಸಲ ಗುಣಿಸಿದರೆ ಬರುವ 436 ಅಂಕಿಗಳ ಸಂಖ್ಯೆ 1947ರಿಂದಲೇ ಶುರುವಾಗುತ್ತದೆ. ಲಾಗ್ 2ನ್ನು 1446ರಿಂದ ಗುಣಿಸಿ ನೋಡಿ, 435.28937... ಬರುತ್ತದೆ. 0.28937ರ ಆಂಟಿಲಾಗ್ 1.947. ಹಳೆಯ ಲಾಗ್ ಟೇಬಲ್ ಮನೆಯ ಅಟ್ಟದಲ್ಲಿದ್ದರೆ ಅದರಲ್ಲೂ ನೋಡಬಹುದು.

ಇದರಿಂದ ಇನ್ನೊಂದು ಲೆಕ್ಕವೂ ಸಿಗುತ್ತದೆ. 2ರ ಘಾತಗಳಲ್ಲಿ 1ರಿಂದ ಶುರುವಾಗುವವು ಎಷ್ಟು? ಪ್ರದಕ್ಷಿಣೆಯ ದಾರಿಯಲ್ಲಿ 1ರ ಪಾಲು 0ಯಿಂದ 0.30102...ವರೆಗೆ. ಅಂದರೆ ಲಾಗ್ 2ರಷ್ಟೇ, ಶೇ 30.1. ಮೊದಲ 10,000 ಘಾತಗಳಲ್ಲಿ (2⁰ಯಿಂದ 2⁹⁹⁹⁹ವರೆಗೆ) 1ರಿಂದ ಶುರುವಾಗುವವು ಸರಿಯಾಗಿ 3010. 7ರ ಪಾಲು ಶೇ 5.8 ಮಾತ್ರ, ಅದಕ್ಕೇ ಅದು ಅಷ್ಟು ತಡವಾಗಿ ಬಂತು.

ಇನ್ನು ನಿಮ್ಮ ನಂಬರ್. ಅದು 9ರಿಂದ ಶುರುವಾಗುವ ಹತ್ತಂಕಿಯ ನಂಬರ್ ಆಗಿದ್ದರೆ, ಅದರಿಂದ ಶುರುವಾಗುವ 2ರ ಘಾತ ಸಿಗಲು ಸರಾಸರಿ ಅಂದಾಜಿನಲ್ಲಿ 2,200 ಕೋಟಿ ಸಲ ದ್ವಿಗುಣ ಮಾಡಬೇಕಾಗುತ್ತದೆ. ಎಷ್ಟನೇ ಘಾತ ಎಂದು ಬರೆಯಲು ಹನ್ನೊಂದು ಅಂಕಿ ಬೇಕು, ನಂಬರಿಗೆ ಬೇಕಾದದ್ದು ಹತ್ತೇ ಅಂಕಿ. ಇದ್ದ ಜಾಗ ಹೇಳುವುದಕ್ಕಿಂತ ನಂಬರನ್ನೇ ಹೇಳುವುದು ಸುಲಭ. ಆ ಘಾತವನ್ನು ಪೂರ್ತಿ ಬರೆದರೆ ಸುಮಾರು 660 ಕೋಟಿ ಅಂಕಿಗಳು, ಬರೀ ಟೆಕ್ಸ್ಟ್ ಫೈಲ್ ಆಗಿ ಉಳಿಸಿದರೂ ಆರು ಜಿಬಿಗಿಂತ ಹೆಚ್ಚು. ವಾಟ್ಸಾಪ್‌ನಲ್ಲಿ ಒಂದು ಫೈಲ್‌ಗೆ ಮಿತಿ 2 ಜಿಬಿ. ಫಾರ್ವರ್ಡ್ ಮಾಡಲು ಆಗುವುದಿಲ್ಲ.